ಹೆಸರು ಹಿಡಿದು ಕರೆದದ್ದು

ಇಂಥವನ್ನೆಲ್ಲ ನಂಬುವವನಲ್ಲ ನಾನು. ಮೂವತ್ತು ವರ್ಷ ಮಕ್ತಲ್ ಸುತ್ತಿನ ಕರೆಂಟು ಕಂಬ ಹತ್ತಿಳಿದವನು. ದೆವ್ವ, ಗಾಳಿ ಎಂದು ಯಾರಾದರೂ ಶುರುಮಾಡಿದರೆ "ಮೊದ್ಲು ಫ್ಯೂಸ್ ನೋಡ್ರಿ" ಎಂದು ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನೀವು ಏನಾದರೂ ಅಂದುಕೊಳ್ಳಿ.

ನನ್ನ ಹೆಂಡತಿ ನೀಲಮ್ಮನಿಗೆ ಮರೆವಿನ ಕಾಯಿಲೆ ಹಿಡಿಯಿತು. ಮೊದಮೊದಲು ತೊಳೆದ ಬಟ್ಟೆಯನ್ನೇ ಮತ್ತೆ ತೊಳೆಯುವಳು. ಆಮೇಲೆ ಮಾತಿನ ನಡುವೆ ಸಾಮಾನಿನ ಹೆಸರು ಸಿಗದಾಯಿತು. ರೊಟ್ಟಿಯ ಹಂಚಿಗೆ "ಅದು, ಸುಡೋದು" ಎನ್ನುವಳು. ಮಹಬೂಬನಗರದ ಡಾಕ್ಟರು ಆಕೆಯ ಮೆದುಳು ಸೊರಗುತ್ತಿದೆ ಎಂದರು. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ. ತಪ್ಪು ತಿದ್ದಬೇಡಿ, ನಿಧಾನ ಮಾತಾಡಿ ಎಂದರು. ಪರೀಕ್ಷೆ ಮಾಡುವಾಗ ಗಂಡನ ಹೆಸರು ಕೇಳಿದರು. ಆಕೆ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದಳು. ಮರೆತಿದ್ದಾಳೆಂದು ಬರೆದುಕೊಂಡರು.

ಅವರಿಗೇನು ಗೊತ್ತು! ಗಂಡನ ಹೆಸರು ಎತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವಳು ಆಕೆ. ನಲವತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡು ಮಾಡಿಸುವಾಗಲೂ ಪಕ್ಕದವಳ ಬಾಯಿಂದ ಹೇಳಿಸಿದ್ದಳು. ಅಲ್ಲಿಗೆ, ಹೇಳಲಿಲ್ಲವೆಂದರೆ ನಾನಿನ್ನೂ ನೆನಪಿದ್ದೇನೆ ಎಂದೇ ಅರ್ಥ. ಆ ಆಸೆ ಹಿಡಿದುಕೊಂಡು ದಿನ ದೂಡಿದೆ. ಕಡೆಗೆ ನನ್ನನ್ನೇ "ಯಾರ್ರಿ ನೀವು?" ಎಂದಳು. ಸ್ವಲ್ಪ ದಿನಕ್ಕೆ ಅದನ್ನು ಕೇಳುವುದೂ ನಿಂತು, ಮಾತೇ ಇಲ್ಲವಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ, ಗದ್ವಾಲದಿಂದ ಬಂದಿದ್ದ ಮಗಳು ಆಕೆಯ ಮುಂದೆ ತಾಟಿಟ್ಟು ನೀರು ತರಲು ಹೋದಳು. ನಾನಾಗಲೇ ಉಂಡು, ನೀಲಮ್ಮನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಆಕೆ ನನ್ನ ಗದ್ದ ಹಿಡಿದೆತ್ತಿ, ಸೆರಗಿನಿಂದ ಮೂಗು ಒರೆಸಿದಳು.

"ತಿಪ್ಪಾ, ಉಂಡ್ಯಾ?"

ಅದು ನನ್ನದೇ ಹೆಸರು. ಆದರೆ ಹಾಗೆ ಕರೆಯುತ್ತಿದ್ದವಳು ನಮ್ಮವ್ವ ಒಬ್ಬಳೇ. ಮೊದಲಿನ ಇಬ್ಬರು ಮಕ್ಕಳು ಉಳಿಯಲಿಲ್ಲವೆಂದು, ಹುಟ್ಟಿದೊಡನೆ ನನ್ನನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಇಟ್ಟ ಹೆಸರದು. ನನಗೆ ಐದು ವರ್ಷವಿದ್ದಾಗ ಅವ್ವ ಗುಂಡುಮಾಲ್ ಊರಿನಲ್ಲಿ ತೀರಿಕೊಂಡಳು. ಶಾಲೆಯಲ್ಲಿ ಬೇರೆ ಹೆಸರು ಬರೆಸಿದರು. ನಾಚಿಕೆಯಿಂದ ನಾನು ಹೆಂಡತಿಗೂ ಹೇಳಿರಲಿಲ್ಲ. ನೀಲಮ್ಮ ನಮ್ಮವ್ವನ ಮುಖ ಕಂಡವಳೇ ಅಲ್ಲ.

"ಅವ್ವನ ತವರಾಗ ತಿಪ್ಪಣ್ಣ ಅಂತ ಯಾರರ ಇದ್ದಿರಬೇಕು ಬಿಡಪ್ಪಾ" ಎಂದಳು ಸಂಗತಿ ಕೇಳಿದ ಮಗಳು. ನೀಲಮ್ಮನ ತವರಲ್ಲಿ ವಿಚಾರಿಸಿದೆ, ಅಂಥವರು ಯಾರೂ ಇರಲಿಲ್ಲ. ನಾನೇ ನಿದ್ದೆಯಲ್ಲಿ ಎಂದಾದರೂ ಗೊಣಗಿದ್ದೆನೋ ಏನೋ. ಅಷ್ಟೆಲ್ಲ ಅಳಿಸಿಹೋದ ತಲೆಯಲ್ಲಿ ಅದೊಂದು ಎಲ್ಲಿ ಉಳಿದಿತ್ತು? ಕೇಳೋಣವೆಂದರೆ ಆಕೆ ಮತ್ತೆ ಬಾಯಿ ಬಿಡಲಿಲ್ಲ. ಆ ಚಳಿಗಾಲ ಮುಗಿಯುವ ಮುಂಚೆ ಹೋಗಿಬಿಟ್ಟಳು.

ಇಷ್ಟು ವರ್ಷದ ಸಂಸಾರದಲ್ಲಿ ಒಂದೇ ಒಂದು ಸಲ ಹೆಸರು ಹಿಡಿದು ಕರೆದಳು, ಅದೂ ಗಂಡನನ್ನಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕರೆದದ್ದು ನೀಲಮ್ಮನೋ ನಮ್ಮವ್ವನೋ ಎಂಬುದೂ ನನಗೆ ತಿಳಿದಿಲ್ಲ. ಆವತ್ತು ಮಾತ್ರ ಹೊಟ್ಟೆ ತುಂಬಿದ್ದರೂ "ಇಲ್ಲವ್ವಾ" ಎಂದುಬಿಟ್ಟೆ. ಆಕೆ ತನ್ನ ತಾಟಿನ ರೊಟ್ಟಿ ಮುರಿದು ನನ್ನ ಬಾಯಿಗಿಟ್ಟಳು. ನಾನು ಉಂಡೆ.