ದಹಿಸರ್‌ನ ಸೋರೆಕಾಯಿ

ಡಾಕ್ಟರು ಅಣ್ಣನಿಗೆ ಎಣ್ಣೆ, ಖಾರ ಬಿಡಿಸಿದ ಮೇಲೆ ನಮ್ಮ ಒಂದೇ ಕೋಣೆಯ ಖೋಲಿಯ ವಾಸನೆಯೇ ಬದಲಾಯಿತು. ಅಲ್ಲಿಯವರೆಗೆ ಮುಂಬಯಿಯ ಪರೇಲಿನ ಆ ಚಾಳಿನಲ್ಲಿ ಮೆಟ್ಟಿಲು ಹತ್ತುವಾಗಲೇ ನಮ್ಮ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು. ಆಮೇಲೆ ಬೆಂದ ಸೊಪ್ಪು, ಹಸಿ ಮೂಲಂಗಿ, ಹೆಚ್ಚಿಟ್ಟ ಪಪ್ಪಾಯಿ. ಆಗ ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದು, ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿಯ ಜೊತೆಗೇ ಇದ್ದೆ.

ಅಣ್ಣನ ಹೊಟ್ಟೆ ವರ್ಷಗಳ ಹೋಟೆಲ್ ಊಟದಿಂದ ಕೆಟ್ಟಿತ್ತು. "ತರಕಾರಿ ಮನೆಯಲ್ಲೇ ಬೇಯಿಸಿ ತಿನ್ನಿ. ಬೇಯಿಸಿದ ನೀರನ್ನೂ ಚೆಲ್ಲಬೇಡಿ, ಸತ್ವವೆಲ್ಲ ಅದರಲ್ಲೇ ಇರುತ್ತದೆ" ಎಂದಿದ್ದರು ಡಾಕ್ಟರು. ವೈನಿ ಆ ಮಾತನ್ನು ವ್ರತದಂತೆ ಹಿಡಿದರು. ಅಣ್ಣನಿಗೆ ಮಾತ್ರ ಎಲ್ಲದರ ಮೇಲೂ ಅನುಮಾನ. ಪೇಟೆಯ ಪಾಲಕ್ ತಂದರೆ, ರೈಲ್ವೆ ಹಳಿಯ ಪಕ್ಕ ಗಟಾರದ ನೀರಿನಲ್ಲಿ ಬೆಳೆದದ್ದು ಎನ್ನುತ್ತಿದ್ದ. ಹಣ್ಣು ಹೊಳೆದರೆ ಏನೋ ಹಚ್ಚಿದ್ದಾರೆ ಎನ್ನುತ್ತಿದ್ದ. ಎಲ್ಲವನ್ನೂ ಮೂಸಿಯೇ ತಿನ್ನುತ್ತಿದ್ದ.

ಒಂದು ಭಾನುವಾರ ತಾಟನ್ನು ದೂರ ಸರಿಸಿ, "ಇದು ದನದ ಊಟ" ಎಂದ.

"ದನ ಡಾಕ್ಟರ ಕಡೆ ಹೋಗೂದಿಲ್ಲ" ಎಂದರು ವೈನಿ.

"ಹೋಟೆಲ್‌ನ್ಯಾಗ ಇದನ್ನ ಬಡಿಸಿದ್ರ ಹೊಡೆದಾಟ ಆಗ್ತಿತ್ತು."

"ಇನ್ನೊಮ್ಮೆ ತಾಟಿಗೆ ಹೆಸರಿಟ್ರ ಆ ಹೋಟೆಲ್ಲಿಗೇ ಹೋಗ್ರಿ. ನಾ ಒಲೀ ಹಚ್ಚೂದಿಲ್ಲ." ವೈನಿಯ ದನಿ ನಡುಗುತ್ತಿತ್ತು. ಚಾಳಿನ ಗೋಡೆಗಳು ತೆಳುವು, ಈ ಮಾತು ಇಡೀ ಮಾಳಿಗೆಗೆ ಕೇಳಿಸಿತು. ಊಟಕ್ಕೆ ಇನ್ನು ಹೆಸರಿಡುವುದಿಲ್ಲ, ಕೊಂಕು ತೆಗೆಯುವುದಿಲ್ಲ ಎಂದು ಅಣ್ಣ ಸಂಜೆ ತಾನಾಗಿಯೇ ಮಾತು ಕೊಟ್ಟ.

ಅದೇ ಸಂಜೆ ಪಕ್ಕದ ಖೋಲಿಯ ಹೆಂಗಸು ಎಳೆಯ ಸೋರೆಕಾಯಿಯೊಂದನ್ನು ತಂದರು. ಅವರು ಉಡುಪಿಯ ಕಡೆಯವರು, ಗಂಡ ಹೋಟೆಲಿನಲ್ಲಿ ಅಡುಗೆಗಿದ್ದ. "ದಹಿಸರ್‌ನಲ್ಲಿ ನಮ್ಮ ಅಕ್ಕನ ಹಿತ್ತಲಿನದ್ದು ಮಾರಾಯ್ರೆ. ಬೀಜ ಹಾಕಿದ್ದೂ ಅಲ್ಲ, ಬೇಲಿಯ ಬದಿ ತಾನೇ ಹುಟ್ಟಿದ್ದು. ಗಟಾರದ ನೀರು ಅಂತ ನಿಮ್ಮವರು ಹೇಳ್ಲಿಕ್ಕಿಲ್ಲ, ನೋಡಿ" ಎಂದು ನಕ್ಕರು. ಅಣ್ಣ ಅದನ್ನು ತಿರುಗಿಸಿ, ಉಗುರು ಊರಿ, ಮೂಸಿ ನೋಡಿದ. ಇಡೀ ಮುಂಬಯಿಯಲ್ಲಿ ಅವನು ನಂಬಿದ ಒಂದೇ ತರಕಾರಿ ಅದು.

ಮರುದಿನ ಸೋಮವಾರ. ಸೋಮವಾರ ನಮ್ಮಲ್ಲಿ ಮಡಿ ಅಡುಗೆ. ವೈನಿ ಸ್ನಾನ ಮಾಡಿ, ಮಡಿ ಸೀರೆಯುಟ್ಟು ಒಲೆಯ ಮುಂದೆ ಕೂತರೆ ದೇವರಿಗೆ ನೈವೇದ್ಯ ಆಗುವವರೆಗೆ ಉಪ್ಪನ್ನೂ ನಾಲಿಗೆಗೆ ಮುಟ್ಟಿಸಿ ನೋಡುತ್ತಿರಲಿಲ್ಲ. ಎಲ್ಲ ಕೈಯ ಅಂದಾಜು. ಸೋರೆಕಾಯಿ ಬೇಯಿಸಿ, ಜೀರಿಗೆ ಹಾಕಿ, ನೈವೇದ್ಯ ತೋರಿಸಿ, ಅಣ್ಣನಿಗೂ ನನಗೂ ತಾಟು ಹಾಕಿದರು. ಅಣ್ಣ ರಜೆಯ ಮೇಲಿದ್ದ. ಆದರೂ ನಾನು ಆಫೀಸಿಗೆ ಹೊರಡುವ ಮೊದಲು ಜೊತೆಗೇ ಉಣ್ಣುತ್ತಿದ್ದ. ನನಗೆ ಸೋರೆಕಾಯಿ ಸೇರುವುದಿಲ್ಲವೆಂದು ವೈನಿ ನನ್ನ ತಾಟಿಗೆ ಬದನೆಕಾಯಿ ಪಲ್ಯ ಹಾಕಿದರು. ತಾವು ಎಂದಿನಂತೆ ನಮ್ಮದಾದ ಮೇಲೆ ಉಣ್ಣುವವರು.

ಅಣ್ಣ ಮೊದಲ ತುತ್ತಿಗೆ ಒಂದು ಕ್ಷಣ ತಡೆದ. ವೈನಿಯ ಮುಖ ನೋಡಿದ. ಆಮೇಲೆ ಏನೂ ಹೇಳದೆ ಎಲ್ಲವನ್ನೂ ತಿಂದು, ಬೇಯಿಸಿದ ನೀರಿನ ಲೋಟವನ್ನು ಕಣ್ಣು ಮುಚ್ಚಿ ಕುಡಿದ. ಆ ನೋಟ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಎಷ್ಟೋ ಸಲ ಅದನ್ನು ಹಿಂದಕ್ಕೆ ತಿರುಗಿಸಿ, ಅಲ್ಲಿಯೇ ನಿಲ್ಲಿಸಲು ನೋಡಿದ್ದೇನೆ.

ನಾನು ಬೂಟಿನ ದಾರ ಕಟ್ಟುತ್ತಿದ್ದಾಗ ಅಣ್ಣ ಖೋಲಿಯ ಮೂಲೆಯಲ್ಲಿದ್ದ ಬಚ್ಚಲ ಮೋರಿಯ ಕಡೆ ಓಡಿದ. ಒಂದು ವಾಂತಿ, ಮತ್ತೊಂದು. ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದ. ಆಮೇಲಿನ ವಾಂತಿಯಲ್ಲಿ ರಕ್ತವಿತ್ತು. ಚಾಳಿನವರು ಅವನನ್ನು ಎತ್ತಿ ಟ್ಯಾಕ್ಸಿಗೆ ಹಾಕಿದರು, ನಾನೂ ವೈನಿಯೂ ಜೊತೆಗೆ ಹತ್ತಿದೆವು. ಆಸ್ಪತ್ರೆ ಹತ್ತಿರವೇ ಇತ್ತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನ ಕೈ ತಣ್ಣಗಾಗಿತ್ತು. ನಾಡಿ ಹುಡುಕುತ್ತಿದ್ದ ನರ್ಸು ಡಾಕ್ಟರನ್ನು ಕೂಗಿ ಕರೆದಳು.

ಆಸ್ಪತ್ರೆಯ ಡಾಕ್ಟರು ಅಣ್ಣನಿಗೆ ಸಲಾಯಿನ್ ಏರಿಸಿ ಹೊರಗೆ ಬಂದರು. ಏನು ತಿಂದಿದ್ದರು ಎಂದು ಮರಾಠಿಯಲ್ಲಿ ಕೇಳಿದರು. ಹೇಳಿದೆ.

"ನೀವೂ ಅದನ್ನೇ ತಿಂದಿರಾ?"

"ಇಲ್ಲ. ನನಗೆ ಬೇರೆ ಪಲ್ಯ ಇತ್ತು."

"ಅಡುಗೆ ಮಾಡಿದವರು?"

"ಅವರ ಹೆಂಡತಿ. ಅವರಿನ್ನೂ ಉಂಡಿರಲಿಲ್ಲ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಗಂಡ ಹೆಂಡತಿ ಚೆನ್ನಾಗಿದ್ದಾರಾ?"

ಆ ಪ್ರಶ್ನೆಗೆ ನಾನು ಉತ್ತರಿಸುವ ಮೊದಲೇ ಹಿಂದಿನ ದಿನದ ಜಗಳ ಮನಸ್ಸಿನಲ್ಲಿ ಎದ್ದು ನಿಂತಿತು. ಬೇರೆ ಪಲ್ಯ, ಉಣ್ಣದ ವೈನಿ, ನಡುಗಿದ ದನಿ. ಒಂದೊಂದೂ ದಿನನಿತ್ಯದ ಸಂಗತಿಯೇ. ಆಗ ಮಾತ್ರ ಒಂದರ ಪಕ್ಕ ಒಂದು ಬಂದು ಕೂತವು. ಉಳಿದ ಪಲ್ಯ ಇದ್ದರೆ ತನ್ನಿ, ಪೊಲೀಸರಿಗೆ ತಿಳಿಸಬೇಕಾಗಬಹುದು ಎಂದರು ಡಾಕ್ಟರು. ತಿರುಗಿ ನೋಡಿದೆ. ನನ್ನ ಹಿಂದೆಯೇ ನಿಂತಿದ್ದ ವೈನಿ ಅಲ್ಲಿರಲಿಲ್ಲ.

ಚಾಳಿನ ತನಕ ಓಡುತ್ತಲೇ ಹೋದೆ. ಖೋಲಿಯ ಬಾಗಿಲು ತೆರೆದಿತ್ತು. ವೈನಿ ಮೋರಿಯ ಪಕ್ಕ ಪಲ್ಯದ ಪಾತ್ರೆ ಹಿಡಿದು ನಿಂತಿದ್ದರು.

"ಚೆಲ್ಲಬ್ಯಾಡ್ರಿ" ಎಂದೆ. ನನ್ನ ದನಿ ನನಗೇ ಪರಕೀಯವಾಗಿತ್ತು.

ವೈನಿ ಪಾತ್ರೆ ಹಿಡಿದೇ ನನ್ನ ಕಡೆ ತಿರುಗಿದರು. "ಚೆಲ್ಲಲಿಕ್ಕೆ ಬಂದಿಲ್ಲ ತಮ್ಮಾ. ಉಣ್ಣಲಿಕ್ಕೆ ಬಂದೀನಿ. ಡಾಕ್ಟರು ಕೇಳಿದ್ದು ನನಗೂ ತಿಳೀತು. ಮರಾಠಿ ನನಗೂ ಬರ್ತದ."

"ವೈನಿ, ಬ್ಯಾಡ."

"ಯಾಕ? ನಾನ ಮಾಡಿದ್ದಲ್ಲ?" ಎನ್ನುತ್ತ ಒಂದು ತುತ್ತು ಬಾಯಿಗಿಟ್ಟರು.

ನಾನು ಕೈ ಚಾಚುವ ಮೊದಲೇ ಅವರ ಮುಖ ಕಿವುಚಿಕೊಂಡಿತು. ಥೂ ಎಂದು ಮೋರಿಗೆ ಉಗುಳಿದರು, ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದರು. ಅಲ್ಲೇ ಕುಳಿತು ಮೆಲ್ಲಗೆ ಕೇಳಿದರು: "ಇದು ವಿಷದಂಥ ಕಹಿ ಅದ. ಅವರು ಹೆಂಗ ತಿಂದ್ರು?"

ಬುಟ್ಟಿಯಲ್ಲಿ ಅದೇ ಸೋರೆಕಾಯಿಯ ಅರ್ಧ ಹಸಿ ತುಂಡು ಉಳಿದಿತ್ತು. ಅದರ ಕೊಯ್ದ ಬದಿಗೆ ನಾಲಿಗೆಯ ತುದಿ ಮುಟ್ಟಿಸಿದೆ. ಹಾಗಲಕಾಯಿಯ ಕಹಿಯಲ್ಲ ಅದು. ಗಂಟಲು ತಾನಾಗಿಯೇ ಮುಚ್ಚಿಕೊಳ್ಳುವಂಥದ್ದು. ತುಂಡನ್ನೂ ಪಾತ್ರೆಯನ್ನೂ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಹಸಿ ತುಂಡನ್ನು ತಾವೂ ನಾಲಿಗೆಗೆ ಮುಟ್ಟಿಸಿ ಬೇಸಿನ್ನಿಗೆ ಉಗುಳಿದರು. ಸೋರೆಕಾಯಿ ಕೆಲವೊಮ್ಮೆ ಬಳ್ಳಿಯಲ್ಲೇ ಹೀಗೆ ಕೆಡುತ್ತದೆ, ತಾನಾಗಿ ಹುಟ್ಟಿದ ಬಳ್ಳಿಯಲ್ಲಿ ಇನ್ನೂ ಹೆಚ್ಚು ಎಂದರು. ಪೊಲೀಸರ ಮಾತು ಮತ್ತೆ ಎತ್ತಲಿಲ್ಲ.

ಅಣ್ಣ ಉಳಿದ. ಮಾತನಾಡುವಷ್ಟು ಚೇತರಿಸಿಕೊಂಡಾಗ ವೈನಿ ಕೇಳಿದ್ದು ಅದೊಂದೇ: "ಕಹಿ ಅಂತ ಯಾಕ ಹೇಳಲಿಲ್ಲ?"

"ಹೆಸರಿಡೂದಿಲ್ಲ ಅಂತ ಹೇಳಿದ್ನಲ್ಲ" ಎಂದ ಅಣ್ಣ. "ಔಷಧ ಏನರ ಬೆರೆಸಿರಬೇಕು ಅಂದುಕೊಂಡೆ."

ವೈನಿ ತರಕಾರಿ ಬಿಡಲಿಲ್ಲ. ಆದರೆ ದೇವರಿಗೆ ಅಡುಗೆಯ ಬದಲು ಬಾಳೆಹಣ್ಣಿನ ನೈವೇದ್ಯ ಮಾಡತೊಡಗಿದರು. ಅಡುಗೆಯನ್ನು ಮೊದಲೇ ರುಚಿ ನೋಡಬಹುದಲ್ಲ. ಆ ರುಚಿಯನ್ನು ಒಲೆಯ ಹತ್ತಿರ ನೋಡುತ್ತಿರಲಿಲ್ಲ. ನಾವು ತಾಟಿನ ಮುಂದೆ ಕೂತ ಮೇಲೆ ಪ್ರತಿಯೊಂದನ್ನೂ ಒಂದಿಷ್ಟು ಅಂಗೈಗೆ ಹಾಕಿಕೊಂಡು, ತಿಂದು, ನುಂಗಿ, ಆಮೇಲೆ ಬಡಿಸುತ್ತಿದ್ದರು. ಹಾಗೆ ತಿನ್ನುವಾಗ ಅಣ್ಣನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದರು.

"ಈ ಪರೀಕ್ಷಾ ಎಲ್ಲೀತನಾ?" ಎಂದು ಅಣ್ಣ ನಗೆಯಾಡಿದ.

"ನೋಡೋವ್ರು ನೋಡೋತನಾ" ಎಂದರು ವೈನಿ.

ಮುಂದೊಂದು ಬೆಳಿಗ್ಗೆ ಪೇಟೆಯ ಸೋರೆಕಾಯಿ ಬೆಂದಿತ್ತು. ನಾನು ತಾಟನ್ನು ಮುಂದೆ ಸರಿಸಿ, "ವೈನಿ, ಇವತ್ತ ನನಗೂ ಅದನ್ನ ಹಾಕ್ರಿ. ನೀವು ಮೊದಲ ರುಚಿ ನೋಡೋದೇನು ಬ್ಯಾಡ" ಎಂದೆ. ಅವರ ಕೈ ತಡೆಯಿತು. ಆಮೇಲೆ ಅಂಗೈಗೆ ಹಾಕಿಕೊಳ್ಳದೆ ನೇರವಾಗಿ ನನ್ನ ತಾಟಿಗೆ ಬಡಿಸಿದರು. ಮುಖದಲ್ಲಿ ಹಳೆಯ ಸಡಿಲಿಕೆ ಬಂದಂತೆ ಕಂಡಿತು.

ನಾನು ತುತ್ತು ಎತ್ತಿದೆ. ಬಾಯಿಗಿಡುವ ಮುನ್ನ ನನಗರಿವಿಲ್ಲದೆ ಅದನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಒಂದು ಕ್ಷಣ ತಡೆದೆ. ಕಹಿ ಇರಲಿಲ್ಲ. ತಲೆ ಎತ್ತಿದಾಗ ವೈನಿ ನನ್ನನ್ನೇ ನೋಡುತ್ತಿದ್ದರು.