ಒದ್ದೆ ಸೊಪ್ಪು, ಜೋರು ಗಿಟಾರು

ಕೊಳ್ಳೇಗಾಲದ ಹೈಸ್ಕೂಲು ಮೈದಾನದಲ್ಲಿ ಕೊನೆಯ ಹಾಡು ಮುಗಿದಾಗ ಜನ ಬೆಂಚು ಹತ್ತಿ ಶಿಳ್ಳೆ ಹಾಕುತ್ತಿದ್ದರು. ಯಳಂದೂರಿನ ಹುಡುಗರು ಒಂದು ಬಸ್ಸು ತುಂಬ ಬಂದಿದ್ದರು. ಕರೆಂಟಿನ ಗಿಟಾರು ನೇತುಹಾಕಿಕೊಂಡೇ ನನ್ನ ತಮ್ಮ ಶಿವು ವೇದಿಕೆಯಿಂದ ಇಳಿದು ಬಂದು ನನ್ನ ಪಕ್ಕದಲ್ಲಿ ಕುಳಿತ. ಆಗ ನನಗೆ ಬಾಯಿ ಕಟ್ಟಿಕೊಂಡಿರಲು ಆಗಲಿಲ್ಲ.

"ರೇಸ್ಮೆ ಉಳ ಸತ್ತಿದ್ದು ನಿನ್ ಗಿಟಾರಿನ ಸದ್ದಿಗಲ್ಲ ಕಣ್ಲಾ. ನಾನೇ ಒದ್ದೆ ಸೊಪ್ಪು ಆಕ್ಬುಟ್ಟಿದ್ದೆ."

ರೇಷ್ಮೆ ಹುಳುಗಳಿಗೆ ನೀರಾರಿದ ಹಿಪ್ಪುನೇರಳೆ ಸೊಪ್ಪನ್ನೇ ಕೊಡಬೇಕು, ಒದ್ದೆಯದು ತಿಂದರೆ ರೋಗ ಬಂದು ಸಾಯುತ್ತವೆ. ಮೂರು ವರ್ಷದ ಹಿಂದೆ ಮಧುವನಹಳ್ಳಿಯ ನಮ್ಮ ಮನೆಯಲ್ಲಿ ಸೋಮಾರಿತನಕ್ಕೆ ನಾನು ಒದ್ದೆ ಸೊಪ್ಪನ್ನೇ ಹುಳುವಿನ ತಟ್ಟೆಗಳಲ್ಲಿ ಹರಡಿದೆ. ತಟ್ಟೆಗಟ್ಟಲೆ ಹುಳು ಸತ್ತವು. ಅಪ್ಪ ಕೇಳಿದಾಗ, ತಮ್ಮನೂ ಅವನ ಮೂವರು ಗೆಳೆಯರೂ ಹಿತ್ತಲಲ್ಲಿ ಬಾರಿಸುತ್ತಿದ್ದ ರಾಕ್ ಸಂಗೀತದ ಕಡೆ ಕೈ ತೋರಿಸಿದೆ. ಅಪ್ಪ ನಾಲ್ವರನ್ನೂ ಡ್ರಮ್ಮಿನ ಸಮೇತ ಹೊರಗೆ ಹಾಕಿದರು.

ಶಿವು ನಕ್ಕುಬಿಟ್ಟ. "ತಟ್ಟೇಲಿದ್ದ ಸೊಪ್ಪ ನಾನೂ ಮುಟ್ ನೋಡಿದ್ದೆ ಕಣಕ್ಕ, ಒದ್ದೆ ಇತ್ತು. ಆವತ್ತೇ ಗೊತ್ತಿತ್ತು. ಅಪ್ಪ ಓಡಿಸ್ದೆ ಇದ್ರೆ ನಾವು ಬಾರ್ಸಕ್ಕೆ ಇಲ್ಲಿನ ಮಗ್ಗದ ಮನೆ ಸೇರ್ತಾನೇ ಇರ್ಲಿಲ್ಲ. ಆ ಮಗ್ಗಗಳ ಲಟಪಟ ಮೀರ್ಸಕ್ಕೋಗೇ ಇಷ್ಟು ಜೋರಾಗಿ ನುಡ್ಸೋದ ಕಲ್ತಿದ್ದು. ಅದ್ಕೇ ಜನ ಬತ್ತಾವ್ರೆ."

"ಮತ್ತೆ ಅಪ್ಪುಂಗ್ಯಾಕೆ ಏಳ್ನಿಲ್ಲ?"

"ನೀನೇ ಏಳ್ತೀಯ ಅಂತ ಕಾಯ್ತಿದ್ದೆ."

ಅಪ್ಪ ಇಂದಿಗೂ ಅವನೊಂದಿಗೆ ಮಾತನಾಡುವುದಿಲ್ಲ. ಅವರಿಗೆ ಓದು ಬಾರದು. ನಾಲ್ಕನೇ ತರಗತಿ ಮುಗಿಸಿದ ನಾನೇ ದಿನವೂ ಅವರಿಗೆ ಪತ್ರಿಕೆ ಓದಿ ಹೇಳುವುದು. ಇದನ್ನು ಬರೆದು ಆ ಪತ್ರಿಕೆಗೇ ಕಳಿಸುತ್ತಿದ್ದೇನೆ. ಇದು ಅಚ್ಚಾದ ದಿನ ಈ ಪುಟವನ್ನೂ ಬಿಡದೆ ಅವರಿಗೆ ಓದಿ ಹೇಳುತ್ತೇನೆ.