ಮುಸವೀರ್ ಸಾಬರು ಮಾತು ಕೊಟ್ಟು ಮಾರಿದ ನೀಲ

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಉಂಗುರಕ್ಕೆ ಕಲ್ಲು ಕೂರಿಸುವ ಮುಸವೀರ್ ಸಾಬರ ಅಂಗಡಿ ಎಷ್ಟು ಚಿಕ್ಕದೆಂದರೆ, ಅವರು ಒಳಗೆ ಕೂರಬೇಕಾದರೆ ತಮ್ಮ ಸಿಟ್ಟನ್ನು ಹೊರಗೆ ಬಿಟ್ಟೇ ಹೋಗಬೇಕು. ಇಬ್ಬರಿಗೂ ಒಟ್ಟಿಗೆ ಜಾಗವಿಲ್ಲ. ಹಾಗಾಗಿ ಬಂದ ಗಿರಾಕಿಗೆ ಬಾಗಿಲಲ್ಲಿ ಮೊದಲು ಸಿಗುವುದು ಸಿಟ್ಟು, ಆಮೇಲೆ ಸಾಬರು. ಅವರು ಒಮ್ಮೆ ಗುಡುಗಿದ್ದಕ್ಕೆ ಮಡಿಕೇರಿ ಬಸ್ಸು ಹುಣಸೂರಿನಲ್ಲಿ ನಿಲ್ಲುವ ಧೈರ್ಯ ಸಾಲದೆ ಸೀದಾ ಪಿರಿಯಾಪಟ್ಟಣಕ್ಕೆ ಹೋಗಿ ಜನರನ್ನು ಇಳಿಸಿತೆಂದು ಹೇಳುವವರಿದ್ದಾರೆ. ನಂಬದವರು ಇನ್ನೂ ಅವರ ಗಿರಾಕಿಗಳಾಗಿಲ್ಲ, ಅಷ್ಟೆ.

ಹದಿನಾಲ್ಕನೇ ವಯಸ್ಸಿಗೆ ಭೂತಗನ್ನಡಿ ಹಿಡಿದವರು. ನಲವತ್ತು ವರ್ಷ ಬಲಗಣ್ಣಿನಲ್ಲೇ ಕಲ್ಲು ನೋಡಿ ನೋಡಿ, ಎಡಗಣ್ಣಿಗಿಂತ ಬಲಗಣ್ಣು ಹತ್ತು ವರ್ಷ ದೊಡ್ಡದಾಗಿದೆ ಎಂದು ಅವರ ಹೆಂಡತಿ ಅಕ್ತರುನ್ನೀಸಾ ಲೆಕ್ಕ ಹಾಕಿದ್ದಾರೆ. ಯಾವ ಗ್ರಹಕ್ಕೆ ಯಾವ ಕಲ್ಲು ಎಂದು ಕೇಳಿದರೆ ಸಾಬರು ಬಾಯಿ ಬಿಡುವುದಿಲ್ಲ. "ಶನಿ ವಿಚಾರ ನಿಮ್ಮ ಜೋಯಿಸರಿಗೆ. ಕಲ್ಲಿನ ವಿಚಾರ ನನಗೆ. ನಾನು ಒಂದ್ಸಲ ಹೇಳಿದ್ರೆ ಹೇಳ್ದಂಗೆ," ಅನ್ನುತ್ತಾರೆ. ಅವರ ಆಸ್ತಿಯೆಂದರೆ ಆ ಮಾತೊಂದೇ. ಉಳಿದದ್ದು ಒಂದು ಅರ, ಒಂದು ಚಿಮಟ, ಮತ್ತು ಸೋರುವ ಶೀಟು.

ಪಿರಿಯಾಪಟ್ಟಣದ ಕಡೆಯ ಸೋಮಯ್ಯ ಈ ಅಂಗಡಿಗೆ ಬಂದದ್ದು ಏಳೂವರೆ ಶನಿ ಹಿಡಿದಾಗ. ಸೋಮಯ್ಯ ಹೊಗೆಸೊಪ್ಪು ಬೆಳೆಯುವವನು. ಸೊಪ್ಪು ಒಣಗಿಸುವ ಅವನ ಬ್ಯಾರನ್ನಿಗೆ ಹಸಿರು ಎಲೆ ಹೋದರೆ ಚಿನ್ನದ ತಗಡಾಗಿ ಹೊರಬರುತ್ತದೆ ಎಂಬುದು ಅವನದೇ ಪ್ರಚಾರ. ಆ ಬ್ಯಾರನ್ನಿನೊಳಗೆ ಒಂದು ರಾತ್ರಿ ಮಲಗಿಸಿದರೆ ಕಾಗೆಯೂ ನವಿಲಾಗಿ ಏಳುತ್ತದೆ ಎನ್ನುವಷ್ಟು ಹೆಮ್ಮೆ. ಜೋಯಿಸರು ಅವನಿಗೆ ಬರೆದುಕೊಟ್ಟದ್ದು ಬೆಂಕಿ ಸೋಕದ ನೀಲ.

ಅಲ್ಲೇ ತೊಡಕು. ಪೇಟೆಗೆ ಬರುವ ನೀಲಗಳಲ್ಲಿ ಹೆಚ್ಚಿನವು ಬೆಂದು ಬಂದವು. ಮಸುಕು ಹೋಗಿ ಬಣ್ಣ ಏರಲೆಂದು ಕಾಯಿಸಿರುತ್ತಾರೆ. ಕಾಯಿಸದಿರುವುದನ್ನು ಹುಡುಕಲು ಸಾಬರಿಗೆ ಮೂರು ತಿಂಗಳು ಹಿಡಿಯಿತು. ಕೊನೆಗೆ ಕಡಲೆಬೇಳೆಯಷ್ಟು ದೊಡ್ಡ ಒಂದು ಕಲ್ಲು ಸಿಕ್ಕಿತು.

ಸೋಮಯ್ಯ ಅದನ್ನು ಬೆಳಕಿಗೆ ಹಿಡಿದು ಮೂಗು ಮುರಿದ. "ಏನ್ ಸಾಬ್ರೆ, ಇದು ನೀಲನಾ? ಮಜ್ಜಿಗೆಗೆ ಒಂದ್ ತೊಟ್ಟು ಶಾಯಿ ಬಿದ್ದಂಗದೆ."

"ಬೇಯಿಸ್ದೇ ಇರೋದು ಅಂದ್ರೆ ಹಿಂಗೇ ಸೋಮಯ್ಯೋರೆ. ಒಳಗೆ ನೋಡಿ, ರೇಷ್ಮೆ ಎಳೆ ಇದ್ದಂಗೆ ಅದೆಯಲ್ಲ, ಅದೇ ಇದರ ಜಾತಕ. ಫಳಫಳ ಅನ್ನೋದೇ ಬೇಕಾದ್ರೆ ಗಾಜಿನ ಚೂರು ಹಾಕ್ಕೊಳ್ಳಿ, ಶನಿ ಕಣ್ಣು ಕುಕ್ಕಿ ಓಡೋಯ್ತಾನೆ."

ನಾಲ್ಕು ಬೆಳ್ಳಿ ಕೊಕ್ಕೆಗಳ ನಡುವೆ, ತಳ ಬೆರಳಿಗೆ ತಾಗುವಂತೆ ಕಲ್ಲು ಕೂರಿಸಿ, ಕೊಕ್ಕೆಗಳ ತುದಿಯನ್ನು ಅಕ್ಕಿನುಚ್ಚಿನಷ್ಟು ದುಂಡಗೆ ಅರದಲ್ಲಿ ತೀಡಿ, ಒಂದು ಚೀಟಿ ಬರೆದುಕೊಟ್ಟರು: 'ಬೆಂಕಿ ಕಾಣದ ನೀಲ. ಇದು ನನ್ನ ಮಾತು. ಮುಸವೀರ್.'

ಎರಡು ತಿಂಗಳಾದ ಮೇಲೆ ಒಂದು ಸಂತೆಯ ಮಧ್ಯಾಹ್ನ ಗಲ್ಲಿಯ ತುದಿಯಲ್ಲೇ ಸೋಮಯ್ಯನ ಕೂಗು ಶುರುವಾಯಿತು. ಆ ಕೂಗಿಗೆ ಎಚ್.ಡಿ. ಕೋಟೆಯ ಆನೆಗಳು ಕಿವಿ ಮುಚ್ಚಿಕೊಂಡಿರಬೇಕು. ಹಿಂದೆ ಹೆಂಡತಿ ಪುಟ್ಟಲಕ್ಷ್ಮಿ, ಕೈಯಲ್ಲಿ ಸಂತೆಚೀಲ.

"ಬಾರಯ್ಯ ಆಚೆ! ಮಾತು ಕೊಟ್ಟೋನು ಬಾ ಆಚೆ! ಮೈಸೂರಲ್ಲಿ ಮಿಶನ್‌ಗೆ ಇಟ್ಟು ನೋಡವ್ರೆ. ಕಾಯಿಸಿದ ಕಲ್ಲು ಅಂತ ಬರದು ಕೊಟ್ಟವ್ರೆ ಕಣಯ್ಯಾ!" ಎಂದು ಒಂದು ಕಾಗದವನ್ನು ಬಾವುಟದಂತೆ ಆಡಿಸಿದ.

ಜನ ಸೇರಿದರು. ತರಕಾರಿಗೆ ಬಂದವರು ತರಕಾರಿ ಮರೆತರು. "ಕಲ್ಲಿನ ಯಾಪಾರ ಅಂದ್ರೆ ಅಂಗೇ ಕಣ್ಲಾ," ಎಂದು ಯಾರೋ ತೀರ್ಪು ಕೊಟ್ಟೂ ಆಯಿತು. ಸಾಬರು ಎದುರು ಟೀ ಅಂಗಡಿಯ ಮಲ್ಲೇಶನ ಮುಖ ನೋಡಿದರು. ಮೂವತ್ತು ವರ್ಷದಿಂದ ಬೆಳಿಗ್ಗೆ ಸಂಜೆ ಅವನದೇ ಟೀ. ಅವನ ಮಗಳ ಮೂಗುಬಟ್ಟಿಗೆ ಕಲ್ಲು ಕೂರಿಸಿದವರೂ ಇವರೇ. ಮಲ್ಲೇಶ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ ನಿಂತ.

ಸಾಬರ ಕಿವಿ ಕೆಂಪಾಯಿತು. ಅಲ್ಲಿ ಬೀಡಿ ಹಚ್ಚಬಹುದಿತ್ತು.

"ಉಂಗುರ ಕೊಡಿ ಇಲ್ಲಿ."

ಭೂತಗನ್ನಡಿ ಕಣ್ಣಿಗೇರಿತು. ಕಲ್ಲಿನೊಳಗೆ ಹಿಂದೆ ಇಲ್ಲದ ಬಿರುಕೊಂದು ಅಡ್ಡಲಾಗಿ ಮಲಗಿತ್ತು. ಅದರ ಸುತ್ತ ಹಪ್ಪಳದಂತೆ ಒಡೆದ ಸಣ್ಣ ಸಣ್ಣ ಬಿಲ್ಲೆಗಳು. ಇದು ಬೆಂಕಿಯ ಕೆಲಸವೇ. ಸಾಬರು ಉಂಗುರವನ್ನು ಮೆಲ್ಲಗೆ ತಿರುಗಿಸಿದರು. ಆಮೇಲೆ ಕೊಕ್ಕೆ ಕಂಡಿತು. ತಾವು ದುಂಡಗೆ ತೀಡಿದ್ದ ತುದಿಗಳ ಮೇಲೆ ಹೆಗ್ಗಣ ಕಚ್ಚಿದಂಥ ಹಲ್ಲಿನ ಗುರುತು.

"ಈ ಕೊಕ್ಕೆ ಬಿಚ್ಚಿದ್ ಯಾರು?"

"ನಾನ್ಯಾಕೆ ಬಿಚ್ಲಿ? ಆ ಮೈಸೂರಿನೋರು ಬಿಚ್ಚಿರ್ಬೇಕು."

"ಅವ್ರೆಲ್ಲಿ ಬಿಚ್ಚುದ್ರು?" ಪುಟ್ಟಲಕ್ಷ್ಮಿ ಚೀಲ ಕೆಳಗಿಟ್ಟಳು. "ಸ್ಕೂಟರ್ ಇಕ್ಕಳ ತಕಂಡು ಜಗಲಿ ಮ್ಯಾಲೆ ಕೂತ್ಕಂಡು ಬಿಚ್ಚಿದ್ದು ನೀವಲ್ವಾ? ಬ್ಯಾರನ್ ಒಲೆಗೆ ಆಕಿದ್ದೂ ಯೋಳ್ಬುಡಿ. ನಂಗೆ ಊರ ಮುಂದೆ ಸುಳ್ಳು ಆಡಕ್ಕೆ ಬರಾಕಿಲ್ಲ."

ಸೇರಿದ ಜನ ಇನ್ನೂ ಎರಡು ಹೆಜ್ಜೆ ಹತ್ತಿರ ಬಂದರು.

ವಿಷಯ ಇಷ್ಟು. ನೆಂಟರ ಮನೆಯ ನಿಶ್ಚಿತಾರ್ಥದಲ್ಲಿ ಸೋಮಯ್ಯನ ಭಾವಮೈದ ಆ ಉಂಗುರ ನೋಡಿ, "ಕಣ್ಣಲ್ಲಿ ಪೊರೆ ಬಂದಂಗದೆ," ಎಂದು ನಕ್ಕಿದ್ದ. ಹಸಿರು ಎಲೆಯನ್ನು ಚಿನ್ನ ಮಾಡುವ ಬ್ಯಾರನ್ನಿಗೆ ಒಂದು ಮಜ್ಜಿಗೆ ಕಲ್ಲು ಯಾವ ಲೆಕ್ಕ? ಸೋಮಯ್ಯ ಕಲ್ಲನ್ನು ಜೇಡಿಮಣ್ಣಿನಲ್ಲಿ ಸುತ್ತಿ, ಬ್ಯಾರನ್ನಿನ ಒಲೆಯ ಕೆಂಡದೊಳಗೆ ಹೂತು, ಸೊಪ್ಪಿನ ಜೊತೆಗೇ ನಾಲ್ಕು ದಿನ ಬೇಯಿಸಿದ್ದ. ಬಣ್ಣ ಏರಲಿಲ್ಲ, ಬಿರುಕು ಬಂತು. ಬಿರುಕು ಬಿಟ್ಟಮೇಲೆ ಅಸಲಿಯೇ ಅಲ್ಲವೆಂದುಕೊಂಡು ಮೈಸೂರಿಗೆ ಓಡಿದ್ದ.

"ಅದೇನು ಬೆಂಕಿನಾ?" ಸೋಮಯ್ಯ ನಿಜವಾಗಿಯೂ ನೊಂದು ಕೇಳಿದ. "ಸೊಪ್ಪು ಒಣಗ್ಸೋ ಬೆಂಕಿ ಕಣ್ರೀ ಅದು! ಕಲ್ಲು ಕಾಯ್ಸೋದು ಅಂದ್ರೆ ಫ್ಯಾಕ್ಟ್ರೀಲಿ, ಕರೆಂಟಲ್ಲಿ. ನಾನು ಆಕಿದ್ದು ಬರೀ ಸೌದೆ."

ಗಲ್ಲಿಗೆ ಗಲ್ಲಿಯೇ ನಕ್ಕಿತು. ಈಗ ತಾನೇ ತೀರ್ಪು ಕೊಟ್ಟವನೇ ಎಲ್ಲರಿಗಿಂತ ಜೋರಾಗಿ ನಕ್ಕು, "ಬುಡಿ ಸಾಬ್ರೆ, ಪಾಪ, ತಿಳೀದೆ ಮಾಡವ್ನೆ," ಎಂದ.

ಸಾಬರಿಗೆ ನಿಜವಾದ ಸಿಟ್ಟು ಬಂದದ್ದು ಆಗ. ಅಲ್ಲಿಯವರೆಗೆ ಬಂದದ್ದು ಬರೀ ಮುಂಗಡ.

"ಬುಡ್ಬೇಕಾ? ಕಾಲು ಗಂಟೆ ಹಿಂದೆ ನಾನು ಕಳ್ಳ. ಈಗ ಅವನು ಪಾಪ! ಅವನಿಗೆ ಕಲ್ಲು ಗೊತ್ತಿಲ್ಲ, ಒಪ್ಕೋತೀನಿ. ನಿಮಗೆ ನಾನು ಗೊತ್ತಿರ್ಲಿಲ್ವಾ? ನಿಮ್ಮ ಅವ್ವಂದಿರ ಓಲೆ ತೀಡಿದ ಕೈ ಇದು! ಒಬ್ಬನಾದ್ರೂ 'ಸಾಬ್ರು ಅಂಥೋರಲ್ಲ' ಅಂದ್ನಾ? ಸಂತೆ ಎಮ್ಮೇನೂ ನಿಮ್ಗಿಂತ ಜಾಸ್ತಿ ಗುರುತು ಇಟ್ಕಂಡಿರ್ತದೆ!"

ನಕ್ಕವರ ಹಲ್ಲು ಒಂದೊಂದಾಗಿ ಒಳಗೆ ಹೋದವು.

ಸೋಮಯ್ಯ ಮೆಲ್ಲಗೆ, "ತಪ್ಪಾಯ್ತು ಸಾಬ್ರೆ. ಆ ಕೊಕ್ಕೆ ಒಸಿ ಸರಿ ಮಾಡ್ಕೊಟ್ರೆ ಒಂಟೋಯ್ತೀನಿ," ಎಂದ.

"ಮಾಡ್ತೀನಿ. ಮೊದ್ಲು ಆ ಕಾಗದದ ಹಿಂದೆ ಬರೀರಿ. ಬೇಯಿಸಿದೋನು ನಾನು, ಅಂತ. ಎಲ್ಲಿ ಬೇಯಿಸಿದ್ದು, ಎಷ್ಟು ದಿನ, ಎಲ್ಲಾ!"

ಸೋಮಯ್ಯ ಕಾಗದವನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಬರೆದ. ಅವನು ಮೂರು ದಿನ ಎಂದು ಬರೆದದ್ದನ್ನು ಪುಟ್ಟಲಕ್ಷ್ಮಿ ಹೊಡೆದುಹಾಕಿಸಿ ನಾಲ್ಕು ಮಾಡಿಸಿದಳು. ಸಾಬರು ಚಿಮಟ ಹಿಡಿದು ಕೊಕ್ಕೆ ತಿದ್ದುತ್ತಿದ್ದರು. ಬಾಯಿ ಬೈಯುತ್ತಿತ್ತು, ಕೈ ಮಾತ್ರ ಹೂವು ಕಟ್ಟುವ ಹಾಗೆ ನಡೆಯುತ್ತಿತ್ತು.

ಮಲ್ಲೇಶ ಒಂದು ಲೋಟ ಟೀ ತಂದು ಮೆಲ್ಲಗೆ ಕಟ್ಟೆಯ ಮೇಲಿಟ್ಟ. ಸಾಬರು ಲೋಟವನ್ನು ಪಕ್ಕಕ್ಕೆ ಸರಿಸಿ, ಆ ಕಾಗದವನ್ನು ಅವನ ಮುಂದೆ ಚಾಚಿದರು.

"ಸಾಕ್ಷಿ ಹಾಕು."

ಮಲ್ಲೇಶ ತಲೆ ತಗ್ಗಿಸಿ ಎರಡು ಗೀಟೆಳೆದ.

"ಇದೇನ್ಲಾ ಇದು, ಎರೆಹುಳ ಹರಿದಂಗೆ? ಇವತ್ತು ನಿನ್ನ ಬಾಯಿಂದಂತೂ ಒಂದ್ ಅಕ್ಷರ ಬರ್ಲಿಲ್ಲ. ಕೈಯಿಂದಾದ್ರೂ ನೆಟ್ಟಗೆ ಬರ್ಲಿ. ಪೂರ್ತಿ ಹೆಸರು ಬರಿ. ಅಪ್ಪನ ಹೆಸರೂ ಬರಿ!"